ಘಟ್ಟ ಇಳಿದು ಶಿರೋಡಕ್ಕೆ

ನಮ್ಮ ಹಿರಣ್ಯಕೇಶಿ ಹೊಳೆಯ ನಡಿಗೆ ನನಗೆ ಸಣ್ಣಾಕಿ ಇದ್ದಾಗಿನಿಂದಲೂ ಸೋಜಿಗ. ಅದು ಹುಟ್ಟುವುದು ಆಂಬೋಲಿಯಲ್ಲಿ, ಒಂದು ಗವಿಯೊಳಗೆ, ಮಹಾದೇವರ ಗುಡಿಯ ಹತ್ತಿರ. ಅಲ್ಲಿಂದ ಪಡುವಣ ಕಡಲು ಹತ್ತಿರವೇ. ಘಟ್ಟದ ತುದಿಗೆ ಹೋಗಿ ನಿಂತರೆ ಮೋಡ ಮಂಜು ಇಲ್ಲದ ದಿನ ಕಣ್ಣಿಗೇ ಕಾಣುತ್ತದೆ. ಆದರೆ ಹೊಳೆ ಆ ಕಡೆ ಹೊರಳಿ ನೋಡುವುದಿಲ್ಲ. ಬೆನ್ನು ತಿರುಗಿಸಿ ಆಜರಾ, ಗಡಹಿಂಗ್ಲಜ, ಸಂಕೇಶ್ವರ ಅಂತ ಮೂಡಣಕ್ಕೆ ಹೊರಡುತ್ತದೆ. ಘಟಪ್ರಭೆಗೆ ಕೂಡಿ, ಗೋಕಾಕದ ಬಂಡೆಯಿಂದ ಧುಮುಕಿ, ಕೃಷ್ಣೆಯ ಹೊಟ್ಟೆಗೆ ಬಿದ್ದು, ಆಂಧ್ರದ ತುದಿಯಲ್ಲಿ ಬಂಗಾಲದ ಕಡಲು ಸೇರುತ್ತದೆ. ಮಗ್ಗಲಿನ ಕಡಲು ಬಿಟ್ಟು ಇಷ್ಟು ದೂರ ನಡೆಯುವ ಹಟ ಯಾಕೆ ಅಂತ ಶಾಲೆಯಲ್ಲಿ ಗುರುಗಳನ್ನು ಕೇಳಿದ್ದೆ. "ನೆಲದ ಇಳುಕಲು ಹಂಗೈತಿ" ಅಂದಿದ್ದರು. ಅದು ಖರೆ. ಘಟ್ಟದ ನೆತ್ತಿಯೇ ಕಡಲಿನ ಕಡೆ ಎತ್ತರ, ನಮ್ಮ ಕಡೆ ಇಳಿಜಾರು.

ನಾವು ಜನವೂ ಹೊಳೆಯ ಹಾಗೇ. ನಮ್ಮ ಸಂತೆ ಮೂಡಣಕ್ಕೆ, ನಮ್ಮ ಎಲ್ಲವ್ವ ಮೂಡಣಕ್ಕೆ, ವಾರಿಗೆ ಹೋಗುವವರ ಪಂಢರಪುರವೂ ಮೂಡಣಕ್ಕೇ. ದುಡಿಮೆ ಇಚಲಕರಂಜಿಯ ಮಾಗದಲ್ಲಿ, ಇಲ್ಲವೆ ಕೊಲ್ಹಾಪುರದಲ್ಲಿ. ಗಡಹಿಂಗ್ಲಜದಿಂದ ಶಿರೋಡದ ಕಡಲು ಸುಮಾರು 110 ಕಿಲೋಮೀಟರ್. ಸವದತ್ತಿ ಗುಡ್ಡಕ್ಕಿಂತ ದೂರವೇನಲ್ಲ. ಆದರೆ ನಮ್ಮ ಓಣಿಯಲ್ಲಿ ಕಡಲು ಕಂಡ ಹೆಂಗಸರನ್ನು ಎಣಿಸಿದರೆ ಒಂದು ಕೈಯ ಬೆರಳು ಉಳಿಯುತ್ತವೆ. ಗಂಡಸರು ಗೋವಾಕ್ಕೆ ಹೋಗಿ ಕಡಲು ನೋಡಿ ಬಂದ್ವಿ ಅಂತಾರೆ. ಅಲ್ಲಿ ಏನು ನೋಡಿ ಬಂದರೋ ಅವರಿಗೇ ಗೊತ್ತು.

ಹಾಗಂತ ಕಡಲಿಗೂ ನಮಗೂ ಸಂಬಂಧವೇ ಇರಲಿಲ್ಲ ಅಂತಲ್ಲ. ನಮ್ಮ ಅವ್ವನ ಅಪ್ಪ ಗಾಡಿ ಹೊಡೆಯುತ್ತಿದ್ದ. ಎತ್ತಿನ ಗಾಡಿ, ಬಾಡಿಗೆಯದು. ಬ್ರಿಟಿಷರ ಕಾಲದಲ್ಲಿ ಬೆಳಗಾವಿಯ ದಂಡಿನ ಊರಿಗೆ ಸಾಮಾನು ಏರಿಸಲಿಕ್ಕೆ ವೆಂಗುರ್ಲಾ ಬಂದರದಿಂದ ಆಂಬೋಲಿಯ ಮೇಲೆ ರಸ್ತೆ ಆಯಿತು. ಮುಂಬಯಿಯಿಂದ ಬಂದ ಹಡಗಿನ ಸರಕು ಅಲ್ಲಿ ಇಳಿದು, ಗಾಡಿ ಏರಿ, ಘಟ್ಟ ಹತ್ತಿ ಮೇಲೆ ಬರುತ್ತಿತ್ತು. ಮುಂದೆ ಗೋವಾದ ಕಡೆಯಿಂದ ರೈಲು ಬಂದ ಮೇಲೆ ವೆಂಗುರ್ಲಾದ ಕಳೆ ಇಳಿಯಿತು. ಆದರೂ ನಮ್ಮ ಕಡೆಯ ಸಣ್ಣ ವ್ಯಾಪಾರಸ್ಥರ ಗಾಡಿಗಳು ಬಹಳ ವರ್ಷ ನಡೆದವು. ಅಜ್ಜ ಇಲ್ಲಿಂದ ಬೆಲ್ಲ, ಒಣ ಮೆಣಸಿನಕಾಯಿ ಹೇರಿಕೊಂಡು ಹೋಗುತ್ತಿದ್ದನಂತೆ. ಬರುವಾಗ ಉಪ್ಪು, ತೆಂಗಿನಕಾಯಿ, ಅಮಸೋಲ. ಒಮ್ಮೊಮ್ಮೆ ಒಣಮೀನಿನ ಹೇರು. ನಾವು ಮೀನು ಮುಟ್ಟುವ ಜನ ಅಲ್ಲ. ಆದರೆ ಬಾಡಿಗೆ ಬಾಡಿಗೆಯೇ. ಆ ಹೇರು ಇದ್ದ ದಿನ ಅಜ್ಜ ಮೂಗಿಗೆ ರುಂಬಾಲಿನ ತುದಿ ಕಟ್ಟಿಕೊಂಡು ಗಾಡಿ ಹೊಡೆಯುತ್ತಿದ್ದ, ಊರ ಹೊರಗೆ ಹೊಳೆಯಲ್ಲಿ ಮೈ ತೊಳೆದುಕೊಂಡೇ ಮನೆಗೆ ಬರುತ್ತಿದ್ದ ಅಂತ ಅವ್ವ ಹೇಳುತ್ತಾಳೆ.

ಪ್ರತಿ ಸಲ ಗಾಡಿ ಹೂಡುವಾಗ ಅವ್ವ ಬೆನ್ನು ಹತ್ತುತ್ತಿದ್ದಳಂತೆ. ಆಗ ಅವಳಿಗೆ ಏಳೋ ಎಂಟೋ. "ಮುಂದಿನ ಖೇಪಿಗೆ ಕರಕೊಂಡು ಹೋಗ್ತೀನಿ ಬಿಡವ್ವಾ" ಅಂತ ಅಜ್ಜ ಹೇಳುತ್ತಿದ್ದ. ಅಷ್ಟರಲ್ಲಿ ಟ್ರಕ್ಕುಗಳು ಬಂದವು, ಗಾಡಿ ನಿಂತಿತು. ಹದಿನಾಲ್ಕಕ್ಕೆ ಅವ್ವನ ಮದುವೆ ಆಯಿತು. ಆಮೇಲೆ ಕಬ್ಬು, ಎಮ್ಮೆ, ನಾವು ನಾಲ್ಕು ಮಕ್ಕಳು, ಅಪ್ಪನ ಬೇನೆ. ಮುಂದಿನ ಖೇಪು ಬರಲೇ ಇಲ್ಲ.

ಹೋದ ವರ್ಷ ಜನವರಿಯಲ್ಲಿ ನನ್ನ ಭಿಶಿಯ ಪಾಳಿ ಬಂದಿತು. ಇಚಲಕರಂಜಿಯಲ್ಲಿ ನಮ್ಮ ಗಲ್ಲಿಯ ಹನ್ನೆರಡು ಹೆಂಗಸರು ತಿಂಗಳಾ ಹಾಕುವ ಭಿಶಿ. ಅದೇ ಹೊತ್ತಿಗೆ ಅವ್ವನ ಬಲಗಣ್ಣಿನ ಮೋತಿಬಿಂದು ಬಲಿತು, ಶಿವರಾತ್ರಿ ಆದ ಮೇಲೆ ಆಪರೇಶನ್ ಅಂತ ದಿನ ಗೊತ್ತಾಯಿತು. ತವರಿಗೆ ಹೋದಾಗ ನಾನು ಅಂದೆ, "ಅವ್ವಾ, ಕಡಲು ನೋಡಿ ಬರೂಣೇನ?"

ತಮ್ಮನಿಗೆ ಸೇರಲಿಲ್ಲ. "ಅಕ್ಕಾ, ಆಕಿ ಮೊಣಕಾಲು ನೋಡು. ಅಷ್ಟು ದೂರ ಹೋಗಿ ಏನು ನೋಡೂದು? ನೀರು. ನೀರು ನಮ್ಮ ಹೊಳ್ಯಾಗೂ ಐತಿ." ಅವನ ಮಾತಿನ ಹಿಂದೆ ಖರ್ಚಿನ ಚಿಂತೆ ಇತ್ತು, ಅದು ತಪ್ಪಲ್ಲ. ಕಬ್ಬಿನ ಬಿಲ್ಲು ಇನ್ನೂ ಬಂದಿರಲಿಲ್ಲ. ಆದರೆ ಎಸ್‌ಟಿಯ ಲೆಕ್ಕ ಹೇಳಿದ ಮೇಲೆ ಸುಮ್ಮನಾದ. 75 ದಾಟಿದವರಿಗೆ 2022ರಿಂದ ಮಹಾರಾಷ್ಟ್ರದ ಎಸ್‌ಟಿ ಪುಕಟ್ಟೆ. ಹೆಂಗಸರಿಗೆ 2023ರಿಂದ ಅರ್ಧ ಟಿಕೀಟು. ಅವ್ವ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ಆಧಾರ ಕಾರ್ಡಿನವರು ಜನವರಿ 1 ಅಂತ ಹಾಕಿದ್ದಾರೆ. ಊರಿನ ಅರ್ಧ ಮುದುಕರು ಅದೇ ದಿನ ಹುಟ್ಟಿದವರು. ಆ ಕಾರ್ಡಿನ ಪುಣ್ಯದಿಂದ ಅವ್ವನ ಟಿಕೀಟು ಶೂನ್ಯ, ನಂದು ಅರ್ಧ. ಪೂರಾ ರೊಕ್ಕ ಕೊಟ್ಟವನು ಜೊತೆಗೆ ಬಂದ ತಮ್ಮನ ಮಗ ಒಬ್ಬನೇ. ಹತ್ತೊಂಬತ್ತರ ಹುಡುಗ, ಬಾವಿಯ ದಡದ ಮೇಲಿನಿಂದ ತಲೆಕೆಳಗಾಗಿ ಜಿಗಿಯುವವ. ಮಳೆಗಾಲದಲ್ಲಿ ಹಿರಣ್ಯಕೇಶಿಯನ್ನು ಆಚೆ ದಂಡೆಗೆ ಈಜಿ ಬಂದವ. ಅವನ ಚೀಲದಲ್ಲಿ ಚಡ್ಡಿ ಟವೆಲ್ ಬಿಟ್ಟು ಬೇರೇನೂ ಇರಲಿಲ್ಲ.

ಅವ್ವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮರುದಿನ ನೋಡಿದರೆ ಗಂಟು ಕಟ್ಟಿ ಇಟ್ಟಿದ್ದಳು. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಮತ್ತು ಬೇರೊಂದು ಗಂಟಿನಲ್ಲಿ ಉಡಿ ತುಂಬುವ ಸಾಮಾನು: ಅಕ್ಕಿ, ಹಸಿರು ಕುಬಸದ ಖಣ, ಬಳಿ, ಅರಿಷಿಣ ಕುಂಕುಮ, ಉತ್ತತ್ತಿ, ಒಂದು ತೆಂಗಿನಕಾಯಿ. "ಗಂಗವ್ವನ ಕಡೆ ಬರಿಗೈಲೆ ಹೋಗ್ತಾರೇನು?"

ಆಜರಾ ದಾಟಿದ ಮೇಲೆ ಗಾಳಿ ಬದಲಾಗುತ್ತದೆ. ಗೇರು ಮರ, ಕೆಂಪು ಮಣ್ಣು, ಆಮೇಲೆ ಅಡವಿ. ಆಂಬೋಲಿ ಸಮುದ್ರಮಟ್ಟದಿಂದ ಸುಮಾರು 690 ಮೀಟರ್ ಎತ್ತರ. ಮಳೆಗಾಲದಲ್ಲಿ ಮಹಾರಾಷ್ಟ್ರದ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ನಾವು ಹೋದದ್ದು ಫೆಬ್ರುವರಿ, ಧಬಧಬೆ ಒಣಗಿ ಕರೀ ಬಂಡೆ ಅಷ್ಟೇ ಇತ್ತು. ಘಟ್ಟದ ತಿರುವುಗಳಲ್ಲಿ ಅವ್ವ ಕಣ್ಣು ಮುಚ್ಚಲಿಲ್ಲ. ಕಿಡಕಿಯ ಸರಳು ಹಿಡಿದು ಕೆಳಗೆ ನೋಡುತ್ತಲೇ ಇದ್ದಳು. "ಇಲ್ಲಿ ಎತ್ತು ಬಿಚ್ಚಿ ನೀರು ಕುಡಿಸೂದಿತ್ತಂತ. ಹುಲಿ ಅಂಜಿಕಿಗೆ ಹತ್ತು ಗಾಡಿ ಕೂಡೇ ಇಳೀತಿದ್ವಂತ." ಅವಳು ಹೇಳುವ ರೀತಿ ನೋಡಿದರೆ ತಾನೇ ಗಾಡಿ ಹೊಡೆದಂತಿತ್ತು.

ಸಾವಂತವಾಡಿಯಲ್ಲಿ ಗಾಡಿ ಬದಲಿಸಿ, ಶಿರೋಡದ ಸ್ಟ್ಯಾಂಡಿನಲ್ಲಿ ಇಳಿದಾಗ ಊಟದ ಹೊತ್ತು ಮೀರಿತ್ತು. ಶಿರೋಡ ಅಂದರೆ ಮರಾಠಿ ಓದಿದವರಿಗೆ ವಿ. ಸ. ಖಾಂಡೇಕರರ ಊರು. ಅವರು 1920ರಿಂದ 1938ರವರೆಗೆ ಇಲ್ಲಿಯ ಶಾಲೆಯಲ್ಲಿ ಮಾಸ್ತರರಾಗಿದ್ದರು, ಆಮೇಲೆ ನಮ್ಮ ಕೊಲ್ಹಾಪುರಕ್ಕೆ ಬಂದು ನೆಲೆಸಿದರು. 'ಯಯಾತಿ' ಬರೆದು 1974ರ ಜ್ಞಾನಪೀಠ ಪಡೆದ ಲೇಖಕರು ಹದಿನೆಂಟು ವರ್ಷ ಈ ಸಣ್ಣ ಊರಿನಲ್ಲಿ ಮಕ್ಕಳಿಗೆ ಪಾಠ ಹೇಳಿದ್ದರು ಅನ್ನುವುದು ನಮ್ಮ ಊರ ಮಾಸ್ತರರು ನೆನಪಿಡಬೇಕಾದ ಮಾತು. ಊರಿನಿಂದ ವೇಳಾಗರದ ದಂಡೆಗೆ ರಿಕ್ಷಾ. ತೆಂಗಿನ ತೋಟದ ಒಂದು ಮನೆಯಲ್ಲಿ ಕೋಣೆ ಸಿಕ್ಕಿತು. ನಾವು ಮೀನು ಉಣ್ಣುವುದಿಲ್ಲ ಅಂದಾಗ ಆ ಮನೆಯ ವಹಿನಿಗೆ ನಮ್ಮ ಮೇಲೆ ಬಹಳ ಕನಿಕರ ಬಂತು. "ಹಾಗಾದರೆ ಏನು ಉಣ್ಣುತ್ತೀರಿ?" ಅಂತ ಎರಡು ಸಲ ಕೇಳಿದಳು.

ದಂಡೆಗೆ ಹೋಗುವ ದಾರಿಯಲ್ಲಿ ಸುರುವಿನ ಮರಗಳ ಬನ. ಕನ್ನಡದಲ್ಲಿ ಇದಕ್ಕೆ ಗಾಳಿಮರ ಅನ್ನುತ್ತಾರೆ, ಹೆಸರು ಸರಿಯಾಗಿಯೇ ಇದೆ. ಗಾಳಿ ಹೊಕ್ಕರೆ ಸುಯ್ಯೋ ಅಂತ ಒಂದೇ ಸಮ ದನಿ. ಅವ್ವ ನಿಂತುಬಿಟ್ಟಳು. "ಇದ ಕಡಲಿನ ಸಪ್ಪಳೇನು?" "ಅಲ್ಲವ್ವಾ, ಇದು ಮರದ್ದು. ಕಡಲು ಮುಂದೈತಿ." ಬನ ದಾಟಿ ಮರಳಿನ ದಿಬ್ಬ ಏರಿದೆವು. ನನ್ನ ಹೆಗಲು ಹಿಡಿದು, ಒಂದೊಂದೇ ಹೆಜ್ಜೆ.

ಅವ್ವ ಏನಾದರೂ ಅನ್ನುತ್ತಾಳೆ ಅಂತ ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಬೇಕಾದಷ್ಟು ಹೊತ್ತು ಸುಮ್ಮನಿದ್ದಳು. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ಈ ಮೂಲೆಯಿಂದ ಆ ಮೂಲೆಗೆ ನೋಡಿದಳು. ಆಮೇಲೆ ಕೇಳಿದಳು, "ಆಚಿ ದಂಡಿ ಎಲ್ಲಿ?"

"ಆಚಿ ದಂಡಿ ಕಾಣೂದಿಲ್ಲ ಆಯೀ," ಅಂದ ಹುಡುಗ. "ಸೀದಾ ಹೋದ್ರ ಅರಬಸ್ತಾನ."

"ಅಪ್ಪ ಹೇಳಿದ್ದು ಖರೇನ ಮತ್ತ," ಅಂತ ಅವ್ವ ಮರಳಿನ ಮೇಲೆ ಕುಳಿತಳು.

ಶಿರೋಡದ ದಂಡೆ ಚೆಲುವಾದದ್ದು. ಉದ್ದಕ್ಕೂ ಬಿಳಿ ಮರಳು, ಹಿಂದೆ ಗಾಳಿಮರದ ಹಸಿರು ಗೋಡೆ. ವಾರದ ನಡುವೆ ಹೋದದ್ದರಿಂದ ಗದ್ದಲ ಇರಲಿಲ್ಲ. ಆದರೆ ನೀರು ಹುಡುಗನ ಮನಸ್ಸಿಗೆ ಬರಲಿಲ್ಲ. ಅವನ ಮೊಬೈಲಿನಲ್ಲಿ ಗ್ರೀಸ್ ದೇಶದ ಯಾವುದೋ ದಂಡೆಯ ಚಿತ್ರ ಇತ್ತು. ಬಿಳಿ ಬಂಡೆ, ಕನ್ನಡಿಯಂಥ ನೀಲಿ ನೀರು, ತಳದ ಕಲ್ಲು ಎಣಿಸಬಹುದು. "ಅತ್ತೀ, ನಮ್ಮದ್ಯಾಕ ಹಿಂಗ ರಾಡಿ?" ಬಲೆ ರಿಪೇರಿ ಮಾಡುತ್ತ ಕುಳಿತಿದ್ದ ಒಬ್ಬ ಹಿರಿಯ ಮೀನುಗಾರ ನಮ್ಮ ಮರಾಠಿಯಿಂದಲೇ ಘಟ್ಟದ ಮೇಲಿನವರು ಅಂತ ಗುರುತು ಹಿಡಿದು ಮಾತಿಗೆ ಬಂದಿದ್ದ. ಅವನಿಗೂ ಚಿತ್ರ ತೋರಿಸಿದ. ಅವನು ನೋಡಿ, "ನೀರು ತಿಳಿ ಇದೆ. ಮೀನು ಎಲ್ಲಿ?" ಅಂದ.

ಮಾತು ತಮಾಷೆಗೆ ಬಂದರೂ ವಿಷಯ ಖರೆ. ಗ್ರೀಸಿನ ಸುತ್ತಲಿನ ಮೆಡಿಟರೇನಿಯನ್ ಸಮುದ್ರದಲ್ಲಿ ಮೀನಿನ ಆಹಾರವಾದ ಸೂಕ್ಷ್ಮ ಸಸ್ಯಗಳಿಗೆ ಬೇಕಾದ ಗೊಬ್ಬರದಂಶ ಕಡಿಮೆ, ಅದಕ್ಕೇ ನೀರು ಅಷ್ಟು ತಿಳಿ. ಭರತಿ ಓಹೋಟಿಯೂ ಅಲ್ಲಿ ಬಹಳ ಸಣ್ಣದು. ನಮ್ಮ ಪಡುವಣ ಕಡಲಿಗೆ ಮಳೆಗಾಲದಲ್ಲಿ ಘಟ್ಟದ ಹೊಳೆಗಳು ಮಣ್ಣು ತಂದು ಸುರಿಯುತ್ತವೆ, ಆಳದ ತಂಪು ನೀರೂ ಗೊಬ್ಬರದಂಶ ಹೊತ್ತು ಮೇಲೆ ಬರುತ್ತದೆ. ನೀರು ಮಬ್ಬಾಗುತ್ತದೆ, ಬಂಗಡೆ ತಾರ್ಲಿಗಳಿಗೆ ಹೊಟ್ಟೆ ತುಂಬುತ್ತದೆ. ಎರೆ ಹೊಲದ ನೀರು ಕೆಂಪಾದರೆ ನಾವೇನು ಹೆಸರಿಡುತ್ತೇವೆಯೆ?

ಹುಡುಗ ಅಂಗಿ ಕಳಚಿ ನಿಂತಿದ್ದ. ನೀರಿನ ಅಂಚಿನಲ್ಲಿ ತೆರೆಗಳು ಸಾಲಾಗಿ ಬಂದು ಒಡೆಯುತ್ತಿದ್ದವು, ಬಿಳಿ ನೊರೆ. ನಮ್ಮ ಎಡಕ್ಕೆ ಐವತ್ತು ಹೆಜ್ಜೆ ದೂರದಲ್ಲಿ ಮಾತ್ರ ಹತ್ತಿಪ್ಪತ್ತು ಮಾರು ಅಗಲದ ಒಂದು ಪಟ್ಟಿ ಸಪಾಟಾಗಿ ಇತ್ತು. ನೊರೆಯಿಲ್ಲ, ಸದ್ದಿಲ್ಲ, ನೀರಿನ ಬಣ್ಣ ಒಂದಿಷ್ಟು ಕಪ್ಪು. ನನ್ನ ಕಣ್ಣಿಗೂ ಅದೇ ಸಮಾಧಾನದ ಜಾಗ ಅನಿಸಿತು. ಹುಡುಗ ಆ ಕಡೆ ಹೊರಟ. "ಇಲ್ಲಿ ತೆರಿ ಇಲ್ಲ, ಆರಾಮಶೀರ ಈಸಬಹುದು."

ಅವ್ವ ಕುಳಿತಲ್ಲಿಂದಲೇ ಕೂಗಿದಳು, "ಏ ಬ್ಯಾಡೋ! ಎಲ್ಲಿ ತೆರಿ ಒಡ್ಯಾಂಗಿಲ್ಲೋ ಅಲ್ಲಿ ಇಳೀಬ್ಯಾಡ!"

ಹುಡುಗ ನಕ್ಕ. "ಆಯೀ, ನೀ ಇವತ್ತ ಕಡಲ ನೋಡೀದಿ. ಅರ್ಧಾ ತಾಸು ಆಗಿಲ್ಲ. ನನಗ ಈಸಾಕ ಕಲಸ್ತೀಯಾ?"

"ನಾ ನೋಡಿಲ್ಲ. ನಮ್ಮಪ್ಪ ನೋಡಿದ್ದ."

ಆ ಕಥೆ ನಾನೂ ಅವತ್ತೇ ಮೊದಲ ಸಲ ಕೇಳಿದ್ದು. ವೆಂಗುರ್ಲಾದಲ್ಲಿ ಗಾಡಿ ಬಿಟ್ಟ ಮೇಲೆ ಎತ್ತುಗಳ ಮೈ ತೊಳೆಯಲಿಕ್ಕೆ ಕಡಲಿಗೆ ಇಳಿಸುವ ರೂಢಿ. ಒಂದು ಸಲ ಅಜ್ಜ ಇಂಥದ್ದೇ ಸಪಾಟು ನೀರು ನೋಡಿ ಒಳ್ಳೇ ಜಾಗ ಅಂತ ಎತ್ತು ಇಳಿಸಿದ. ಹೊಟ್ಟೆಮಟ ನೀರಿಗೆ ಹೋದದ್ದೇ ತಡ, ಯಾರೋ ಮೂಗುದಾರ ಹಿಡಿದು ಎಳೆದ ಹಾಗೆ ಎತ್ತು ಒಳಗೆ ಹೋಯಿತಂತೆ. ಅಜ್ಜ ಹಗ್ಗ ಬಿಡಲಿಲ್ಲ, ಅವನ ಕಾಲೂ ಎದ್ದವು. ದಂಡೆಯ ಮಂದಿ ಹಗ್ಗ ಬಿಡು ಅಂತ ಬಾಯಿ ಮಾಡಿದ ಮೇಲೆ ಬಿಟ್ಟ, ಇಬ್ಬರು ಅವನನ್ನು ಎಳೆದುಕೊಂಡರು. ಎತ್ತು ಮೂಗು ಮೇಲೆ ಮಾಡಿ ತೇಲುತ್ತ ದೂರ ಹೋಯಿತು. ಹೋಯಿತಪ್ಪ ನನ್ನ ಹೊಟ್ಟೆಪಾಡು ಅಂತ ಅಜ್ಜ ತಲೆಗೆ ಕೈ ಹೊತ್ತು ಕುಳಿತ. ಆಮೇಲೆ ನೋಡಿದರೆ ಎರಡು ಫರ್ಲಾಂಗ್ ಆಚೆ ಎತ್ತು ತಾನೇ ದಂಡೆ ಹತ್ತಿ ಮೈ ಜಾಡಿಸುತ್ತಿತ್ತು. "ಎತ್ತು ಎದರೀಸಲಿಲ್ಲ, ಅದಕ್ಕ ಉಳೀತು. ನಾ ಎದರೀಸಿದ್ರ ಸಾಯ್ತಿದ್ದೆ ಅಂತಿದ್ದ ಅಪ್ಪ."

ಬಲೆ ಹೊಲಿಯುತ್ತಿದ್ದ ಮೀನುಗಾರ ಕೈ ನಿಲ್ಲಿಸಿ ಕೇಳುತ್ತಿದ್ದ. ನಾನು ಅರ್ಧ ಮರಾಠಿಗೆ ತಿರುಗಿಸಿ ಹೇಳಿದೆ. ಅವನು ನಗಲಿಲ್ಲ. "ಆಜಿ ಸರಿಯಾಗಿ ಹೇಳಿದ್ದಾಳೆ" ಅಂದು ಎದ್ದ.

ಅಷ್ಟರಲ್ಲಿ ಅವ್ವನ ಉಡಿಯದೊಂದು ಪಂಚಾಯಿತಿ ನಡೆದಿತ್ತು. ಅವಳು ಮೊಣಕಾಲುಮಟ ನೀರಿನಲ್ಲಿ ನನ್ನ ಕೈ ಹಿಡಿದು ನಿಂತು, ಕುಂಕುಮ ಏರಿಸಿ, ಖಣ ಕಾಯಿ ಗಂಗವ್ವನ ಉಡಿಗೆ ಹಾಕಿದ್ದಳು. ತೆರೆ ಅದನ್ನು ಹೊರಳಿಸಿಕೊಂಡು ತಂದು ಅವಳ ಕಾಲಿಗೇ ಬಿಟ್ಟಿತು. ಮತ್ತೊಮ್ಮೆ ಹಾಕಿದಳು, ಮತ್ತೊಮ್ಮೆ ಬಂತು. ಅವ್ವನ ಮುಖ ಸಣ್ಣದಾಯಿತು. "ಹೊಳಿಯವ್ವ ಕೊಟ್ಟದ್ದ ಒಯ್ತಾಳ. ಈಕಿ ತಿರುಗಿ ಕೊಡ್ತಾಳಲ್ಲ. ಬ್ಯಾಡಾಗೇತೇನೋ ನಂದು."

ಮೀನುಗಾರ ಆ ಕಾಯಿ ಎತ್ತಿಕೊಂಡ. "ಬಾ" ಅಂತ ಹುಡುಗನನ್ನು ಕರೆದುಕೊಂಡು ಆ ಸಪಾಟು ನೀರಿನ ಕಡೆ ನಡೆದ. ತಾನು ನೀರಿಗೆ ಇಳಿಯದೆ ದಂಡೆಯಿಂದಲೇ ಕಾಯಿಯನ್ನು ಅಲ್ಲಿಗೆ ಎಸೆದ. ಕಾಯಿ ಒಂದು ಸಲ ಮುಳುಗಿ ಎದ್ದಿತು. ಆಮೇಲೆ ಹೊರಟಿತು. ತೆರೆಗಳೆಲ್ಲ ದಂಡೆಯ ಕಡೆ ಬರುತ್ತಿದ್ದರೆ ಅದೊಂದೇ ಎದುರು ದಿಕ್ಕಿಗೆ, ಸಂತೆಗೆ ಹೊತ್ತಾದವರು ನಡೆದ ಹಾಗೆ ಹೋಗುತ್ತಿತ್ತು. ನಾವು ನೋಡುತ್ತ ನಿಂತಂತೆ ತೆರೆ ಒಡೆಯುವ ಸಾಲು ದಾಟಿ, ಲಂಗರು ಹಾಕಿದ್ದ ಹೋಡಿಯ ಕಡೆ ಒಂದು ಕರಿ ಚುಕ್ಕೆಯಾಯಿತು.

ಹುಡುಗ ಟವೆಲ್ಲು ಹೆಗಲಿಗೆ ಹಾಕಿಕೊಂಡು ಅದನ್ನೇ ನೋಡುತ್ತಿದ್ದ. ಏನೂ ಅನ್ನಲಿಲ್ಲ.

ಮೀನುಗಾರ ಬಿಡಿಸಿ ಹೇಳಿದ್ದು, ಮತ್ತು ಆಮೇಲೆ ನಾನು ಓದಿ ತಿಳಿದದ್ದು ಇಷ್ಟು. ತೆರೆಗಳು ದಂಡೆಗೆ ತಂದು ಒಟ್ಟಿದ ನೀರು ತಿರುಗಿ ಹೋಗಬೇಕಲ್ಲ. ಅದು ಎಲ್ಲ ಕಡೆ ಸಮನಾಗಿ ಹೋಗುವುದಿಲ್ಲ. ಮರಳಿನ ತಳದಲ್ಲಿ ಎಲ್ಲಿ ತಗ್ಗಿನ ಗಾಲುವೆ ಇದೆಯೋ ಅಲ್ಲಿ ಕೂಡಿಕೊಂಡು ಒಳಗೆ ನುಗ್ಗುತ್ತದೆ. ಹೊಲದ ನೀರೆಲ್ಲ ಒಡ್ಡಿನ ಒಂದು ಕಿಂಡಿಯಿಂದ ಹೊರಬೀಳುವ ಹಾಗೆ. ತಗ್ಗು ಇರುವಲ್ಲಿ ತೆರೆ ಒಡೆಯುವುದಿಲ್ಲ, ಅದಕ್ಕೇ ಶಾಂತವಾಗಿ ಕಾಣುತ್ತದೆ. ಜೋರಾದಾಗ ಆ ಸೆಳವಿನ ಎದುರು ಎಂಥ ಪಟ್ಟದ ಈಜುಗಾರನೂ ನಿಲ್ಲಲಾರ. ಸಿಕ್ಕಿಕೊಂಡವರು ದಂಡೆಯ ಕಡೆಗೇ ಎದರೀಸಿ ದಣಿದು ಮುಳುಗುತ್ತಾರೆ. ಸೆಳವು ಯಾರನ್ನೂ ತಳಕ್ಕೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ ಅಷ್ಟೇ. ಗಾಬರಿಯಾಗದೆ ತೇಲಬೇಕು, ಕೈ ಎತ್ತಿ ಕೂಗಬೇಕು. ಈಜುವ ಶಕ್ತಿ ಇದ್ದರೆ ದಂಡೆಗೆ ಸಮಾನಾಂತರವಾಗಿ ಅಡ್ಡ ಈಜಿ ಸೆಳವಿನಿಂದ ಹೊರಬಿದ್ದು, ಆಮೇಲೆ ತೆರೆ ಒಡೆಯುವ ಕಡೆಯಿಂದ ದಂಡೆಗೆ ಬರಬೇಕು. ಯಾರಾದರೂ ಸಿಕ್ಕಿಕೊಂಡರೆ ಅವರ ಹಿಂದೆ ನೀರಿಗೆ ಜಿಗಿಯುವ ಬದಲು ತೇಲುವಂಥದ್ದು ಏನಾದರೂ ಎಸೆಯಬೇಕು, ಊರಿನವರನ್ನು ಕರೆಯಬೇಕು. ಒಬ್ಬರನ್ನು ಉಳಿಸಲು ಹೋಗಿ ನಾಲ್ವರು ಹೋದ ಮನೆಗಳಿವೆ. 2017ರ ಏಪ್ರಿಲ್‌ನಲ್ಲಿ ಇದೇ ಜಿಲ್ಲೆಯ ಮಾಲವಣದ ಹತ್ತಿರ ವಾಯರಿಯ ದಂಡೆಯಲ್ಲಿ ಬೆಳಗಾವಿಯ ಕಾಲೇಜೊಂದರಿಂದ ಪ್ರವಾಸ ಬಂದಿದ್ದ ಎಂಟು ಜನ ಮುಳುಗಿದರು. ಎಲ್ಲ ನಮ್ಮ ಕಡೆಯ ಮಕ್ಕಳೇ, ಬಾವಿ ಹೊಳೆಗಳ ನೀರು ನೋಡಿ ಬೆಳೆದವರು. ಶಾಲೆಯ ಪ್ರವಾಸಕ್ಕೆ ಕಡಲಿಗೆ ಕರೆದುಕೊಂಡು ಹೋಗುವ ಗುರುಗಳು ಗಾಡಿಯಲ್ಲಿ ಕುಳಿತಾಗಲೇ ಈ ಮಾತು ಮಕ್ಕಳಿಗೆ ಹೇಳಿದರೆ ಚಲೋ. ಇಳಿದ ಮೇಲೆ ಯಾವ ಮಗುವೂ ಕೇಳುವುದಿಲ್ಲ.

ಹುಡುಗ ಆಮೇಲೆ ನೀರಿಗೆ ಇಳಿದ, ಮೀನುಗಾರ ತೋರಿಸಿದ ಜಾಗದಲ್ಲಿ, ಸೊಂಟಮಟ. ತೆರೆ ಬಂದು ಕೆಡವುವುದು, ಎದ್ದು ನಗುವುದು. ಅವ್ವ ಹೊತ್ತು ಮುಳುಗುವವರೆಗೂ ದಂಡೆ ಬಿಟ್ಟು ಏಳಲಿಲ್ಲ. ಆದರೆ ಅವಳು ಹೊತ್ತು ಮುಳುಗುವುದನ್ನು ನೋಡಲಿಲ್ಲ, ಹುಡುಗನ ತಲೆಯನ್ನೇ ನೋಡುತ್ತಿದ್ದಳು. "ಕಾಯಿ ಹೋತಲ್ಲ, ಮುಟ್ಟಿತು ಬಿಡು" ಅಂತ ನಡುವೆ ಒಮ್ಮೆ ಅಂದಳು.

ಬೆಳಿಗ್ಗೆ ನಸುಕಿನಲ್ಲಿ ದಂಡೆಗೆ ಬಂದರೆ ನೀರು ಹಿಂದೆ ಸರಿದು ಹಸಿ ಮರಳು ಉದ್ದಕ್ಕೂ ಬಿದ್ದಿತ್ತು. "ನಿನ್ನಿ ಇಲ್ಲಿದ್ದ ನೀರು ಎಲ್ಲಿ ಹೋತ?" ಅಂತ ಅವ್ವ. ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ, ಚಂದ್ರನ ಸೆಳೆತ, ದಿನಾ ಸುಮಾರು 50 ಮಿನಿಟು ತಡವಾಗುತ್ತ ಹೋಗುತ್ತದೆ, ಅಮಾಸಿ ಹುಣ್ಣಿವಿಗೆ ಜೋರು. ನಾನು ಹೇಳಿದ್ದರಲ್ಲಿ ಅಮಾಸಿ ಹುಣ್ಣಿವಿ ಅವಳಿಗೆ ಸರಿಯಾಗಿ ತಿಳಿಯಿತು. ಅಲ್ಲಿ ರಾಪಣ ಎಳೆಯುತ್ತಿದ್ದರು. ಕಾರವಾರದ ಕಡೆ ಇದಕ್ಕೇ ರಂಪಣಿ ಅನ್ನುತ್ತಾರೆ. ಹೋಡಿಯಲ್ಲಿ ಉದ್ದ ಬಲೆ ಒಯ್ದು ಕಡಲಿನಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು, ಎರಡೂ ತುದಿಯ ಹಗ್ಗ ದಂಡೆಗೆ ತರುತ್ತಾರೆ. ಆಮೇಲೆ ಎರಡು ಸಾಲಿನಲ್ಲಿ ನಿಂತು ಎಳೆಯುವುದು. ಗಂಡಸರು, ಹೆಂಗಸರು, ಶಾಲೆಗೆ ಹೊತ್ತಾಗದ ಹುಡುಗರು. ಕೈ ಹಚ್ಚಿದವರಿಗೆಲ್ಲ ಪಾಲು. 1970ರ ದಶಕದ ಕೊನೆಗೆ ಕರ್ನಾಟಕದ ಕರಾವಳಿಗೆ ಯಂತ್ರದ ಪರ್ಸೀನ್ ಬಲೆಗಳು ಬಂದ ಮೇಲೆ ಅಲ್ಲಿ ರಂಪಣಿ ಬಹುಮಟ್ಟಿಗೆ ಸತ್ತಿತು. ಈ ಕಡೆ ಅಲ್ಲಲ್ಲಿ ಉಳಿದಿದೆ.

ಅವ್ವ ಹೋಗಿ ಸಾಲಿನ ಕೊನೆಗೆ ಹಗ್ಗಕ್ಕೆ ಕೈ ಹಚ್ಚಿದಳು. ನಾನು ಬೇಡ ಅನ್ನುವಷ್ಟರಲ್ಲಿ ಮುಂದಿದ್ದ ಹೆಂಗಸು ಅವಳಿಗೆ ಜಾಗ ಬಿಟ್ಟಿದ್ದಳು. ಬಾವಿ ಹಗ್ಗ ಜಗ್ಗಿದ ಕೈ, ಪಟ್ಟು ಗೊತ್ತಿತ್ತು. ಬಹಳ ಹೊತ್ತಲ್ಲ, ಮೊಣಕಾಲು ಕೇಳಲಿಲ್ಲ. ಬಲೆ ದಂಡೆಗೆ ಬಂದಾಗ ಬೆಳ್ಳಿಯ ಹಾಗೆ ಮೀನು ಮಿಡುಕುತ್ತಿದ್ದವು. ಅವ್ವ ಅದನ್ನು ನೋಡಲಾರದೆ ಹೊರಳಿದಳು. ಅಷ್ಟರಲ್ಲಿ ಒಬ್ಬ ಬಂದು ಅವಳ ಪಾಲು ಅಂತ ಐದಾರು ಬಂಗಡೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟ. "ನಾವು ಉಣ್ಣಂಗಿಲ್ರೀ" ಅಂದರೆ ಕೇಳಲೊಲ್ಲ. ಹಗ್ಗ ಹಿಡಿದವರು ಪಾಲು ಬಿಟ್ಟು ಹೋದರೆ ಅವರಿಗೆ ಸರಿ ಕಾಣುವುದಿಲ್ಲ. ಕೊನೆಗೆ ಆ ಚೀಲ ನಮ್ಮ ಮನೆಯೊಡತಿ ವಹಿನಿಗೆ ಹೋಯಿತು. ಅವ್ವ ಅದನ್ನು ಎರಡು ಬೆರಳಿನಲ್ಲಿ ಹಿಡಿದು ಮಾರುದೂರ ಇಟ್ಟುಕೊಂಡು ತೋಟದವರೆಗೆ ನಡೆದಳು. ಅಜ್ಜನ ರುಂಬಾಲಿನ ನೆನಪಾಗಿ ನನಗೆ ನಗು ತಡೆಯಲಿಲ್ಲ.

ಹೊರಡುವ ಮುಂಚೆ ಮಿಠಾಗರ ನೋಡಿದೆವು. ಭರತಿಯ ನೀರು ಖಾರಿಯಿಂದ ಕಟ್ಟೆಗಳ ಒಳಗೆ ಬರುತ್ತದೆ, ಒಂದು ಮಡಿಯಿಂದ ಇನ್ನೊಂದು ಮಡಿಗೆ ದಾಟುತ್ತ ಬಿಸಿಲಿಗೆ ಮಂದವಾಗುತ್ತದೆ, ಕೊನೆಯ ಮಡಿಯಲ್ಲಿ ಉಪ್ಪು ಹರಳುಗಟ್ಟುತ್ತದೆ, ಅದನ್ನು ಎಳೆದು ಗುಂಪಿ ಹಾಕುತ್ತಾರೆ. "ಮೆಣಸಿನ ಮಡಿ ಇದ್ದಂಗ ಅದಾವು" ಅಂದಳು ಅವ್ವ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಒಂದು ಕಿಲೋ ಆಗಬೇಕಾದರೆ ಹೆಚ್ಚುಕಡಿಮೆ ಎರಡು ಕೊಡ ನೀರು ಬಿಸಿಲಿಗೆ ಹೋಗಬೇಕು. 1930ರ ಮೇ ತಿಂಗಳಲ್ಲಿ ಇದೇ ಶಿರೋಡದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು, ಅದರ ಹಿಂದಿನ ತಿಂಗಳು ನಮ್ಮ ಕರ್ನಾಟಕದ ಅಂಕೋಲೆಯಲ್ಲಿ ನಡೆದಿತ್ತು. ಬಿಸಿಲು ದೇವರದು, ನೀರು ಕಡಲಿನದು, ಮೈಮುರಿ ದುಡಿಮೆ ಬಡವರದು. ಅದರ ಮೇಲೆ ಸರಕಾರದ ಕರ. ಸಿಟ್ಟು ಬರದೆ ಏನು? ಈಗ ಉಪ್ಪು ಪೊಟ್ಟಣದಲ್ಲಿ ಬೇರೆ ಕಡೆಯಿಂದ ಬರುತ್ತದೆ, ಇಲ್ಲಿಯ ಮಡಿಗಳಲ್ಲಿ ಮೊದಲಿನ ಗದ್ದಲ ಇಲ್ಲ.

ಅವ್ವ ಪೇಟೆಯಲ್ಲಿ ಮೂರು ಕಿಲೋ ಹರಳುಪ್ಪು ಕೊಂಡಳು. ಸ್ವಂತ ರೊಕ್ಕದಿಂದ, ಸೊಂಟದ ಸಂಚಿ ಬಿಚ್ಚಿ. "ಅಷ್ಟು ದೂರದಿಂದ ಉಪ್ಪ ಹೊರೂದೇನವ್ವಾ, ನಮ್ಮ ಅಂಗಡ್ಯಾಗ ಸಿಗೂದಿಲ್ಲೇನು?" ಅಂದೆ. "ನಮ್ಮಪ್ಪ ಇದನ್ನ ತಂದ ನಮ್ಮನ್ನ ಸಾಕಿದ" ಅಂದು ಚೀಲದ ಬಾಯಿ ಕಟ್ಟಿದಳು. ಘಟ್ಟ ಏರುವಾಗ ಆ ಚೀಲ ಹುಡುಗನ ತೊಡೆಯ ಮೇಲಿತ್ತು. ಅವನೇ ಇಸಿದುಕೊಂಡಿದ್ದ.

ಶಿವರಾತ್ರಿ ಆದ ಮೇಲೆ ಕಣ್ಣಿನ ಆಪರೇಶನ್ ಚಲೋ ಆಯಿತು. ಉಪ್ಪು ಓಣಿಯ ಒಂಬತ್ತು ಮನೆಗೆ ಒಂದೊಂದು ಬೊಗಸೆ ಹಂಚಿಹೋಯಿತು, ಮಾವಿನಕಾಯಿ ಉಪ್ಪಿನಕಾಯಿಗೆ ಅಂತ. ಹರಳು ದಪ್ಪ, ಕರಗುವುದು ತಡ ಅಂತ ಒಬ್ಬಿಬ್ಬರು ದೂರಿದರು. ಉಳಿದದ್ದನ್ನು ತಮ್ಮ ಎಮ್ಮೆಯ ಹಿಂಡಿಗೆ ಕಲಸಿದ.